ಚಳಿಜ್ವರ ಬಿಟ್ಟ ಮೇಲೆ

ಮಗಳ ಚಳಿಜ್ವರಕ್ಕೆ ಕ್ವಿನೈನ್ ಒಯ್ಯಲು ಬಂದಿದ್ದ ಬಟ್ಟೆ ವ್ಯಾಪಾರಿ ಪಂಚಾಕ್ಷರಯ್ಯನವರು ಚನ್ನಪಟ್ಟಣದ ಸರ್ಕಾರಿ ಔಷಧಶಾಲೆಯ ಜಗಲಿಯ ಮೇಲೆ ಕಾಯುತ್ತಿದ್ದರು. ಪಕ್ಕದಲ್ಲೇ ವಿರೂಪಾಕ್ಷಿಪುರದ ಕಡೆಯ ಚಿಕ್ಕಲಕ್ಷ್ಮಮ್ಮ ತನ್ನ ಅಣ್ಣ ದಾಸಪ್ಪನೊಡನೆ ಮಾತಾಡುತ್ತಿದ್ದಳು. ಬೇಡವೆಂದರೂ ಅವರ ಮಾತು ಇವರ ಕಿವಿಗೆ ಬೀಳುತ್ತಿತ್ತು.

"ಜ್ವರ ಬುಟ್ಟು ಎಂಟು ದಿನ ಆಯ್ತು ಕಣಣ್ಣ. ನಮ್ಮ ಯಜಮಾನ್ರು ಇನ್ನೂ ನನ್ನ ನೋಡಿ 'ಯಾರವ್ವ ನೀನು' ಅಂತಾರೆ."

"ಎತ್ತಿನ ಗುರ್ತು ಸಿಕ್ತದಲ್ಲ?"

"ಎತ್ತು ಗೊತ್ತು, ಹೊಲ ಗೊತ್ತು. ನಾನೊಬ್ಳೇ ಗೊತ್ತಿಲ್ಲ."

"ದೆವ್ವದ ಕಾಟವೇ ಕಣವ್ವ. ಬೈರಾಪಟ್ಟಣದ ಪೂಜಾರಿ ತಾವ ಹೋಗಾನ."

"ಜ್ವರದ ವಿಷ ಮೆದುಳಿಗೆ ಏರೈತೆ ಅಂದ್ರು ಡಾಕ್ಟ್ರು. ಸೊಳ್ಳೆಯಿಂದ ಬಂದಿದ್ದಂತೆ."

"ಸೊಳ್ಳೆ ಕಚ್ಚೋದು ಕಾಲಿಗೆ, ಏರೋದು ಮೆದುಳಿಗಾ?"

"ರಕ್ತದಾಗೆ ಸೇರ್ಕಂಡು ಹೋಗಿ ಮೆದುಳಿನ ಸಣ್ಣ ನರ ಕಟ್ಬುಡ್ತದಂತೆ."

"ವಾಸಿ ಆಯ್ತದಂತಾ?"

"ಆದ್ರೂ ಆಗ್ಬೋದು, ಆಗ್ದೇನೂ ಇರ್ಬೋದು ಅಂದ್ರು."

"ಇದೆಂಥ ಮಾತವ್ವ? ಯಾರ್ನ ನಂಬಾದು?"

"ನಂಗೇನೂ ತೋಚ್ತಿಲ್ಲ ಕಣಣ್ಣ."

ಪಂಚಾಕ್ಷರಯ್ಯನವರು, ಬೆಳಿಗ್ಗೆ ಮಗಳು ತಮ್ಮನ್ನು 'ಅಪ್ಪಾ' ಎಂದು ಕರೆದಿದ್ದಳೋ ಇಲ್ಲವೋ ಎಂದು ನೆನೆಸಿಕೊಳ್ಳಲು ಹೆಣಗಿದರು.

ಅಣ್ಣತಂಗಿ ಎದ್ದು ಗಾಡಿಯ ಬಳಿ ಹೋದರು. ಒಳಗೆ ಕೂತಿದ್ದ ಅವಳ ಗಂಡ ಬೋರಲಿಂಗಯ್ಯ ಅವಳನ್ನು ಕಂಡು ಮರ್ಯಾದೆಯಿಂದ ಪಕ್ಕಕ್ಕೆ ಸರಿದ.

"ಬನ್ನಿ ತಾಯಿ, ಒಸಿ ಜಾಗ ಐತೆ. ನಮ್ಮೂರ್ ಕಡೆಗೇ ಆದ್ರೆ ನಮ್ಮನೇಲೇ ಉಂಡ್ಕಂಡು ಹೋಗೀರಂತೆ. ಮನೇಲಿ ನಮ್ಮ ಹೆಂಡ್ರವ್ಳೆ."

ದಾಸಪ್ಪ ಹಗ್ಗ ಹಿಡಿದು ತಂಗಿಯ ಕಡೆ ನೋಡಿದ. "ಯಾವ ದಾರಿ ಹಿಡೀಲವ್ವ? ಬೈರಾಪಟ್ಟಣಕ್ಕೋ?"

ಚಿಕ್ಕಲಕ್ಷ್ಮಮ್ಮ ಗಂಡನ ಪಕ್ಕ ಹತ್ತಿ ಕೂತಳು.

"ಮನೆಗೇ ನಡಿಯಣ್ಣ. ಊಟಕ್ಕೆ ಕರ್ದವ್ರೆ."