ಡ್ಯಾಶ್‌ಬೋರ್ಡಿಗೆ ಬೂಟ್ ಪಾಲಿಶ್

ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ ಡಂಬಳದ ಬಸ್ಸಿಗೆ ಕಾಯುತ್ತ ನಿಂತಿದ್ದ ನೀಲವ್ವನ ಪಕ್ಕದಲ್ಲೇ ಹಳೆಯದೊಂದು ಫಿಯೆಟ್ ಕಾರಿತ್ತು. ಅದರೊಳಗೆ ಅಣ್ಣತಮ್ಮಂದಿರಿಬ್ಬರು ಜಗಳಕ್ಕೆ ಬಿದ್ದಿದ್ದರು.

"ಏನ್ ಹಚ್ಚೀಯಲೇ ಈರ್ಯಾ ಇದಕ್ಕ?"

"ಡ್ಯಾಶ್‌ಬೋರ್ಡ್ ಬಿಸಲಿಗೆ ಬೂದಿ ಬಳದಂಗ ಆಗಿತ್ತಲ್ಲ ಅಣ್ಣಾ, ಬೂಟ್ ಪಾಲಿಶ್ ತಿಕ್ಕೇನಿ. ಹೆಂಗ ಮಿಂಚತೈತಿ ನೋಡು."

"ಕೈಗೆ ಹತ್ತಾಕತ್ತೈತಲ್ಲೋ! ತಂಗೀನ್ನ ನೋಡಾಕ ಬರೋರು ಬಿಳೇ ಅಂಗಿ ಹಾಕ್ಕೊಂಡು ಬಂದ್ರ?"

"ಹಿಂದ ಕುಂಡ್ರಸೂಣು."

"ಹುಡುಗನ ಅಪ್ಪನ್ನ ಹಿಂದ ಕುಂಡ್ರಸ್ತಾರೇನಲೇ? ಈಗಾಗಲೇ ಎರಡು ಸಂಬಂಧ ತಪ್ಪಿ ಹೋಗ್ಯಾವು. ಒರಸು ಜಲ್ದಿ!"

"ಒರಸಿದಷ್ಟೂ ಬರಾಕತ್ತೈತಣ್ಣಾ!"

ಅಷ್ಟರಲ್ಲಿ ಗದಗಿನ ಬಸ್ಸು ಬಂದೇ ಬಿಟ್ಟಿತು. ಇಬ್ಬರೂ ಕಪ್ಪು ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಬಸ್ಸಿಳಿದ ಬೀಗರನ್ನು ಎದುರುಗೊಳ್ಳಲು ಓಡಿದರು.

ಹುಡುಗನ ಅಪ್ಪ, ಬಿಳಿ ಧೋತರದ ಹಿರಿಯರು, ಕಾರಿನ ಮುಂದಿನ ಸೀಟಿನಲ್ಲಿ ಕೂರುವಾಗ ಆಸರೆಗೆಂದು ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟರು. ನೀಲವ್ವ ಕಾರಿನ ಕಿಟಕಿಯತ್ತ ಕತ್ತು ಚಾಚಿದಳು. ಅವರು ಕಪ್ಪಾದ ಬೆರಳುಗಳನ್ನೊಮ್ಮೆ ನೋಡಿಕೊಂಡರು. ಆಮೇಲೆ, ಅಣ್ಣತಮ್ಮಂದಿರಿಗೆ ಕಾಣದಂತೆ, ಧೋತರದ ಒಳಮಡಿಕೆಗೆ ಮೆಲ್ಲಗೆ ಒರೆಸಿಕೊಂಡರು.

"ನಡೀರಿ ಮತ್ತ," ಎಂದರು. "ಪಾಪ, ಹುಡುಗಿ ಕಾಯ್ಕೋತ ಕುಂತಿರತಾಳ."

ಕಾರು ಧೂಳೆಬ್ಬಿಸುತ್ತ ಹೊರಟುಹೋಯಿತು.