ಮರಿಗಳ ನೆತ್ತಿಗೆ ಹಚ್ಚಿದ ಕೆಂಪು

ಕೊಡುವುದು ಅಂಥ ಕಷ್ಟದ ಕೆಲಸವೇನಲ್ಲ, ಪ್ರಿಯರೇ. ಕೊಟ್ಟ ಮೇಲೆ ಸುಮ್ಮನಿರುವುದಿದೆಯಲ್ಲ, ಅದು ಕಷ್ಟ. ಇದನ್ನು ನಿಮಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದಾಗ ಕೋಳಿಗಳ ಕಥೆಯೊಂದು ನೆನಪಾಯಿತು. ಕೋಳಿ ಎಂದ ಕೂಡಲೇ ಕೆಲವರಿಗೆ ಮಧ್ಯಾಹ್ನದ ಊಟ ನೆನಪಾಗಿರಬಹುದು. ಸ್ವಲ್ಪ ತಡೆಯಿರಿ. ಈ ಕಥೆಯ ಕೋಳಿಯನ್ನು ಯಾರೂ ಕೊಯ್ಯುವುದಿಲ್ಲ.

ಇಂಥ ಕಥೆಗೆ ಒಬ್ಬ ಶ್ರೀಮಂತ ಬೇಕೇ ಬೇಕು, ನೋಡಿ. ನಮ್ಮ ಕಥೆಯ ಊರಿನಲ್ಲೂ ಒಬ್ಬರಿದ್ದರು. ಎಣ್ಣೆ ಗಿರಣಿ, ಎರಡು ಲಾರಿ, ಮನೆಯ ಹಿಂದೆ ದೊಡ್ಡ ಹಿತ್ತಲು. ಊರವರು ಅವರನ್ನು ಸಾಹುಕಾರರು ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಅವರಿಗೊಂದು ಹೆಸರು ಇಟ್ಟರೆ ನೀವೆಲ್ಲ ನಮ್ಮ ಚರ್ಚಿನ ಹಿಂದಿನ ಬೆಂಚಿನ ಕಡೆ ತಿರುಗಿ ನೋಡುತ್ತೀರಿ, ನನಗೆ ಗೊತ್ತು. ಅವರ ಮನೆಯ ಹಿಂದಿನ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದಳು. ಆಕೆಯನ್ನು ಫಕೀರವ್ವ ಎಂದು ಕರೆಯೋಣ.

ಆ ವರ್ಷ ಬೇಸಿಗೆಯಲ್ಲಿ ಓಣಿಗೆ ಕೊಕ್ಕರೆ ರೋಗ ಬಂತು. ಕೋಳಿ ಸಾಕಿದವರಿಗೆ ಅದು ಗೊತ್ತು. ಬೆಳಿಗ್ಗೆ ಕತ್ತು ತಿರುಚಿಕೊಂಡು ನಿಂತ ಕೋಳಿ ಸಂಜೆಗೆ ಇರುವುದಿಲ್ಲ. ಐದು ಮನೆಯ ಹಿತ್ತಲುಗಳು ಎಂಟು ದಿನದಲ್ಲಿ ಖಾಲಿಯಾದವು. ಆ ಐದರಲ್ಲಿ ಸಾಹುಕಾರರ ಹಿತ್ತಲೂ ಒಂದು. ರೋಗಕ್ಕೆ ಹಿಂದಿನ ಓಣಿ ಯಾವುದು, ಮುಂದಿನ ಓಣಿ ಯಾವುದು? ಓಣಿಯಲ್ಲಿ ಉಳಿದದ್ದು ಒಂದೇ, ಫಕೀರವ್ವನ ಬೂದು ಬಣ್ಣದ ನಾಟಿ ಹ್ಯಾಟಿ, ಅಂದರೆ ಹೆಣ್ಣುಕೋಳಿ. ಅದು ಹೇಗೆ ಉಳಿಯಿತೋ ದೇವರೇ ಬಲ್ಲ.

ಮಳೆಗಾಲ ಮುಗಿದ ಮೇಲೆ ಆ ಹ್ಯಾಟಿ ಕಾವು ಕೂತಿತು. ಫಕೀರವ್ವ ಒಂದು ಅಗಲ ಬುಟ್ಟಿಗೆ ಬೂದಿ ಹರಡಿ, ಅದರ ಮೇಲೆ ಒಣಹುಲ್ಲು, ನಡುವೆ ಒಂದು ಹಿಡಿ ಬೇವಿನೆಲೆ ಹಾಕಿ ಹಾಸಿಗೆ ಮಾಡಿದಳು. ಬೂದಿ ಮತ್ತು ಬೇವು ಇದ್ದರೆ ಹೇನು ಹತ್ತಿರ ಸುಳಿಯುವುದಿಲ್ಲ. ಆಚೆ ಕೇರಿಯಲ್ಲಿ ಉಳಿದಿದ್ದ ಹುಂಜವೊಂದು ಆಗಾಗ ಈ ಕಡೆ ಬರುತ್ತಿತ್ತು, ಆದರೂ ಆಕೆಯ ಬಳಿ ಇದ್ದದ್ದು ಆರೇ ಮೊಟ್ಟೆ. ಹ್ಯಾಟಿಯ ರೆಕ್ಕೆಯ ಕೆಳಗೆ ಇನ್ನೂ ಜಾಗವಿತ್ತು. ಒಂದು ಮನೆಯಲ್ಲಿ ಕೋಳಿ ಕಾವು ಕೂತರೆ ನೆರೆಯವರೂ ತಮ್ಮ ಮೊಟ್ಟೆ ತಂದಿಡುವುದು ಆ ಓಣಿಯ ರೂಢಿ. ಹಾಗಾಗಿ ಆಕೆ ಸಾಹುಕಾರರಿಗೂ ಹೇಳಿ ಕಳಿಸಿದಳು.

ಸಾಹುಕಾರರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೂರದ ಹಳ್ಳಿಯೊಂದರಿಂದ ಒಳ್ಳೆಯ ನಾಟಿ ತಳಿಯ ಏಳು ಮೊಟ್ಟೆ ತಂದರು. ದಾರಿಯುದ್ದಕ್ಕೂ ಅವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಕಾರು ನಿಧಾನ ಓಡಿಸಲು ಹೇಳಿ ಹೇಳಿ ಡ್ರೈವರನಿಗೆ ಸಾಕುಬೇಕು ಮಾಡಿದ್ದರು. ಮೊಟ್ಟೆ ಅಲುಗಬಾರದು ಎಂಬ ಆ ಕಾಳಜಿ ಸಣ್ಣದಲ್ಲ. ಆದರೆ ಫಕೀರವ್ವನ ಕೈಗೆ ಕೊಡುವ ಮೊದಲು ಒಂದೊಂದರ ಮೇಲೂ ಪೆನ್ಸಿಲಿನಿಂದ ಗುರುತು ಹಾಕಿದರು. ಹಾಕಲಿ, ಮೊಟ್ಟೆಗೆ ಅದರಿಂದ ಏನೂ ಆಗುವುದಿಲ್ಲ.

ಏಳನೆಯ ದಿನ ಫಕೀರವ್ವ ಕಾಗದದ ಕೊಳವೆ ಮಾಡಿ, ಮೊಟ್ಟೆಗಳನ್ನು ಬಿಸಿಲಿಗೆ ಹಿಡಿದು ನೋಡಿದಳು. ಒಳಗೆ ಕೆಂಪು ಎಳೆ ಕಾಣಿಸದ ಎರಡನ್ನು ತೆಗೆದಿಟ್ಟಳು, ಒಂದು ಅವರದು, ಒಂದು ತನ್ನದು. ಉಳಿದವು ಹನ್ನೊಂದು. ಹ್ಯಾಟಿ ದಿನಕ್ಕೊಮ್ಮೆ ಎದ್ದು, ಕಾಳು ತಿಂದು, ನೀರು ಕುಡಿದು, ಬೂದಿಯಲ್ಲಿ ಹೊರಳಾಡಿ ಮತ್ತೆ ಓಡಿ ಬಂದು ಕೂರುತ್ತಿತ್ತು. ಅಷ್ಟು ಹೊತ್ತು ಫಕೀರವ್ವ ರೊಟ್ಟಿ ಮುಚ್ಚುವ ಬೆಚ್ಚನೆಯ ಬಟ್ಟೆಯನ್ನು ಮೊಟ್ಟೆಗಳ ಮೇಲೆ ಹೊದಿಸುತ್ತಿದ್ದಳು. ಹಾಗೆ ಮಾಡಬೇಕೆಂದು ಆಕೆಗೆ ಯಾರೂ ಕಲಿಸಿರಲಿಲ್ಲ.

ಆ ಇಪ್ಪತ್ತೊಂದು ದಿನ ಓಣಿಯೆಲ್ಲ ಆ ಬುಟ್ಟಿಯನ್ನೇ ನೋಡುತ್ತಿತ್ತು. ಯಾಕೆಂದರೆ ಅದರಲ್ಲಿ ಮರಿಯಾದರೆ ಐದೂ ಮನೆಗಳ ಹಿತ್ತಲಿಗೆ ಮತ್ತೆ ಕೋಳಿ ಬರಬೇಕಿತ್ತು. ಮರಿಗಳು ಎರಡು ತಿಂಗಳು ಬೆಳೆದ ಮೇಲೆ ಮನೆಗೊಂದು ಜೋಡಿ ಕೊಡುತ್ತೇನೆಂದು ಫಕೀರವ್ವ ಎಲ್ಲರಿಗೂ ಮಾತು ಕೊಟ್ಟಿದ್ದಳು. ಈ ಸಲ ತಪ್ಪಿದರೆ ಆ ಹ್ಯಾಟಿ ಮತ್ತೆ ಕಾವು ಕೂರುವವರೆಗೆ ತಿಂಗಳುಗಟ್ಟಲೆ ಕಾಯಬೇಕು.

ಹನ್ನೊಂದೂ ಮರಿಯಾದವು. ಸಾಹುಕಾರರು ಬೆಳಗಾಗುತ್ತಲೇ ಬಂದರು. ಬುಟ್ಟಿಯಲ್ಲಿ ಒಡೆದ ಚಿಪ್ಪುಗಳ ರಾಶಿ. ಹ್ಯಾಟಿಯ ಎದೆಯ ಕೆಳಗಿನಿಂದ ಹನ್ನೊಂದು ಪುಟ್ಟ ತಲೆಗಳು ಇಣುಕುತ್ತಿದ್ದವು, ಎಲ್ಲವೂ ಒಂದೇ ಮಣ್ಣಿನ ಬಣ್ಣ. ಅವರು ನಗುತ್ತ ಬಗ್ಗಿ ನೋಡಿದರು. ಆಮೇಲೆ ಕೇಳಿದರು, ಇದರಲ್ಲಿ ನಮ್ಮವು ಯಾವುವು?

ಫಕೀರವ್ವ ನಕ್ಕಳು. “ಈಗ ಇವು ನಿಮ್ಮೂವೂ ಅಲ್ಲ, ನಮ್ಮೂವೂ ಅಲ್ಲರೀ ಸಾವ್ಕಾರ್ರ. ಆಕೀ ಮಕ್ಕಳು.”

ಎಷ್ಟು ಸರಿಯಾದ ಮಾತು. ಆದರೆ ಸಾಹುಕಾರರಿಗೆ ಹಿಡಿಸಲಿಲ್ಲ. ಮರುದಿನ ಬೆಳಿಗ್ಗೆ ಮನೆಯಲ್ಲಿ ಹೆಂಡತಿಯ ಕಪಾಟು ತೆರೆದು, ಉಗುರಿಗೆ ಹಚ್ಚುವ ಕೆಂಪು ಬಣ್ಣದ ಶೀಶೆ ಹುಡುಕತೊಡಗಿದರು. ಹೆಂಡತಿ ಏನೆಂದು ಕೇಳಿದರು. ಇವರು ಹೇಳಿದರು.

“ಮದುವಿಯಾಗಿ ಮೂವತ್ತು ವರ್ಷಾತು,” ಎಂದರು ಆಕೆ. “ಒಂದಿನಾರ ನನ್ನ ಉಗುರಿಗೆ ಬಣ್ಣ ಹಚ್ಚೀರೇನು? ಈಗ ಕೋಳಿ ಮರಿಗೆ ಹಚ್ಚಾಕ ಹೊಂಟ್ರಿ.”

ಸಾಹುಕಾರರು ಶೀಶೆ ಜೇಬಿಗಿಳಿಸಿಕೊಂಡು ಹೊರಟರು. ಫಕೀರವ್ವ ರೊಟ್ಟಿ ಕೊಡಲು ಖಾನಾವಳಿಗೆ ಹೋಗಿದ್ದಳು. ಇವರು ಕೂತು, ಹನ್ನೊಂದರಲ್ಲಿ ದುಂಡಗೆ, ಚುರುಕಾಗಿ ಕಂಡ ಆರು ಮರಿಗಳನ್ನು ಆರಿಸಿ, ನೆತ್ತಿಯ ಮೇಲೆ ಒಂದೊಂದು ಕೆಂಪು ಚುಕ್ಕೆ ಇಟ್ಟರು. ಚುಕ್ಕೆ ಒಣಗಲಿ ಎಂದು ಬಾಯಿಂದ ಊದಿದರು ಕೂಡ. ಪ್ರೀತಿ ಇರಲಿಲ್ಲ ಎಂದು ಹೇಳುವುದಕ್ಕಾಗುತ್ತದೆಯೇ? ಇತ್ತು. ಆದರೆ ನೋಡಿ, ಅವೇ ತಮ್ಮ ಮೊಟ್ಟೆಯವು ಎಂದು ಅವರಿಗೆ ಹೇಗೆ ಗೊತ್ತು? ಗೊತ್ತಿಲ್ಲ. ಚೆನ್ನಾಗಿರುವುದೆಲ್ಲ ನಮ್ಮದೇ ಇರಬೇಕು ಎಂದು ನಮಗೆ ಅನಿಸುತ್ತದಲ್ಲವೇ, ಹಾಗೆ.

ಕೋಳಿಮರಿಯ ಸ್ವಭಾವ ಹೀಗಿದೆ. ಕೆಂಪು ಕಂಡರೆ ಕುಟ್ಟುತ್ತದೆ. ಅದಕ್ಕೆ ದ್ವೇಷವಿಲ್ಲ, ಹೊಟ್ಟೆಕಿಚ್ಚಿಲ್ಲ. ಏನೋ ಕಾಳು ಇರಬಹುದು ಎಂದು ಕುಟ್ಟಿ ನೋಡುತ್ತದೆ. ಒಂದು ಕುಟ್ಟಿದ್ದನ್ನು ನೋಡಿ ಇನ್ನೊಂದು ಬರುತ್ತದೆ. ಎಳೆಯ ಚರ್ಮ ಹರಿದು ರಕ್ತ ಬಂದರೆ ಮುಗಿಯಿತು, ಅದು ಇನ್ನೂ ಕೆಂಪು.

ಸಾಹುಕಾರರು ನೋಡುನೋಡುತ್ತಿದ್ದಂತೆಯೇ ಚುಕ್ಕೆ ಇಲ್ಲದ ಮರಿಗಳು ಚುಕ್ಕೆ ಇದ್ದವನ್ನು ಕುಟ್ಟತೊಡಗಿದವು. ಅಷ್ಟರಲ್ಲಿ ಫಕೀರವ್ವ ಬಂದಳು. ಅವರು ಆಕೆಯ ಮೇಲೆ ಸಿಟ್ಟು ಮಾಡಿದರು. “ನಿಮ್ಮ ಮರಿ ನಮ್ಮ ಮರೀನ ಕೊಲ್ಲಾಕತ್ತಾವು, ನೋಡು ಫಕೀರವ್ವ.”

ಆಕೆ ನೆತ್ತಿಗಳ ಮೇಲಿನ ಕೆಂಪನ್ನು ಕಂಡಳು. ಅದನ್ನು ಮೊದಲು ಅಳಿಸಬೇಕು, ತಾಯಿಯ ಬಿಸಿ ತಪ್ಪಿದರೆ ಮರಿ ಬದುಕುವುದಿಲ್ಲ ಎಂದು ತಿಳಿಸಿ ಹೇಳಿದಳು. ಅವರು ಕೇಳಲಿಲ್ಲ. ಕೆಂಪು ಚುಕ್ಕೆಯ ಆರನ್ನೂ ಎತ್ತಿ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿಕೊಂಡು ಮನೆಗೆ ಹೋದರು. ಹಳೆಯ ಟವೆಲು ಹಾಸಿ, ಮೇಲೊಂದು ಬಲ್ಬು ಇಳಿಬಿಟ್ಟು, ಈಗ ಎಲ್ಲವೂ ನಮ್ಮವೇ, ಇನ್ನೇನೂ ಭಯವಿಲ್ಲ ಎಂದು ಪಕ್ಕದಲ್ಲೇ ಕೂತರು.

ಇಲ್ಲಿ ಸ್ವಲ್ಪ ಗಮನ ಕೊಡಿ. ಪೆಟ್ಟಿಗೆಯಲ್ಲಿ ಈಗ ಹೊರಗಿನವರು ಯಾರಿದ್ದಾರೆ? ಯಾರೂ ಇಲ್ಲ. ಆದರೂ ಹತ್ತು ನಿಮಿಷ ಕಳೆಯುವುದರೊಳಗೆ ಅವು ಒಂದನ್ನೊಂದು ಕುಟ್ಟತೊಡಗಿದವು. ಒಂದೊಂದಕ್ಕೂ ಉಳಿದ ಐದರ ತಲೆಯ ಕೆಂಪು ಕಾಣುತ್ತದೆ, ತನ್ನದು ಕಾಣುವುದಿಲ್ಲ. ಎಲ್ಲಕ್ಕಿಂತ ಸಣ್ಣ ಮರಿಯನ್ನು ಅವರು ಬಿಡಿಸಿ ಎತ್ತಿಕೊಳ್ಳುವಷ್ಟರಲ್ಲಿ ಅದರ ನೆತ್ತಿ ಹರಿದು, ಕತ್ತು ಅವರ ಅಂಗೈಯ ಮೇಲೆ ವಾಲಿತು.

ಸಾಹುಕಾರರು ಚಪ್ಪಲಿ ಮೆಟ್ಟುವುದನ್ನೂ ಮರೆತು, ಸುಡುವ ಬಿಸಿಲಿನಲ್ಲಿ ಓಣಿ ದಾಟಿ ಬಂದರು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಆ ಮರಿ. ನಾನು ಹೇಳಿದ್ದನ್ನು ನೀವು ಕೇಳಲಿಲ್ಲವಲ್ಲ ಎಂದು ಫಕೀರವ್ವ ಅನ್ನಬಹುದಿತ್ತು. ಮಣೆಯನ್ನು ಅವರ ಕಡೆ ಸರಿಸಿದಳು, ಅಷ್ಟೇ. ಅವರು ಕೂತರು.

ಆಕೆ ಕುದಿಸಿ ಆರಿಸಿದ ಅರಿಸಿನದ ನೀರಿನಿಂದ ಆ ಮರಿಯ ಗಾಯ ತೊಳೆದು, ಹತ್ತಿಯಲ್ಲಿ ಸುತ್ತಿ, ಒಲೆಯ ಬೆಚ್ಚಗಿನ ಬದಿಯಲ್ಲಿ ಇಟ್ಟಳು. ಉಳಿದವುಗಳ ಬಣ್ಣ ನೀರಿಗೂ ಹೋಗಲಿಲ್ಲ, ಎಣ್ಣೆಗೂ ಹೋಗಲಿಲ್ಲ. ಆಗ ಆಕೆ ರೊಟ್ಟಿ ಸುಡುವ ಹಂಚು ಬೋರಲು ಹಾಕಿ, ಅದರ ತಳದ ಮಸಿಯನ್ನು ಕೆರೆದು ಬೇವಿನೆಣ್ಣೆಯಲ್ಲಿ ಕಲಸಿದಳು. ಆ ಕಪ್ಪನ್ನು ಕೆಂಪಿನ ಮೇಲೆ ಹಚ್ಚಿದರೆ ಕೆಂಪು ಕಾಣುವುದಿಲ್ಲ. ಬೇವಿನ ಕಹಿಗೆ ಕುಟ್ಟಲು ಬಂದದ್ದು ಹಿಂದೆ ಸರಿಯುತ್ತದೆ.

ಬೆರಳಿಗೆ ಮಸಿ ತೆಗೆದುಕೊಂಡವಳು ತಡೆದಳು. “ಇವಕ್ಕಷ್ಟ ಹಚ್ಚಿದ್ರ ಮತ್ತ ಇವಽ ಬ್ಯಾರೆ ಕಾಣ್ತಾವಲ್ರೀ,” ಎಂದಳು. ಬೆರಳು ಹಾಗೇ ಹಿಡಿದು ಕಾದಳು.

ಸಾಹುಕಾರರಿಗೆ ಅರ್ಥವಾಯಿತು. ಎಲ್ಲವಕ್ಕೂ ಹಚ್ಚಿದರೆ ಮರಿಗಳು ಉಳಿಯುತ್ತವೆ. ಆದರೆ ಎಲ್ಲವಕ್ಕೂ ಹಚ್ಚಿದ ಮೇಲೆ ಯಾವುದು ತನ್ನದೆಂದು ಅವರಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಒಲೆಯ ಬದಿಯ ಮರಿಯನ್ನು ನೋಡಿದರು. ಪೆಟ್ಟಿಗೆಯೊಳಗೆ ನೋಡಿದರು.

“ಎಲ್ಲಾವಕ್ಕೂ ಹಚ್ಚೂಣು. ತಾ ಇಲ್ಲೆ,” ಎಂದು ಮಸಿಯ ಬಟ್ಟಲನ್ನು ತಾವೇ ತೆಗೆದುಕೊಂಡರು.

ಒಂದೊಂದು ಮರಿಯನ್ನೂ ಆಕೆ ಹಿಡಿದು ಕೊಟ್ಟಳು, ಅವರು ತೋರುಬೆರಳಿನಿಂದ ಹಚ್ಚಿದರು. ಐದರ ಕೆಂಪು ಮುಚ್ಚಿತು, ಇನ್ನೈದರ ಚುಕ್ಕೆ ಇಲ್ಲದ ನೆತ್ತಿ ಕಪ್ಪಾಯಿತು. ಬುಟ್ಟಿಗೆ ಬಿಟ್ಟ ಕೂಡಲೇ ಹತ್ತೂ ಹ್ಯಾಟಿಯ ಕೆಳಗೆ ನುಗ್ಗಿದವು. ಹ್ಯಾಟಿ ಎಣಿಸಲಿಲ್ಲ, ವಿಚಾರಿಸಲಿಲ್ಲ, ಸ್ವಲ್ಪ ಎದ್ದು ರೆಕ್ಕೆ ಅಗಲ ಮಾಡಿತು.

ಸಣ್ಣ ಮರಿ ಉಳಿಯಲಿಲ್ಲ, ಪ್ರಿಯರೇ. ಸಂಜೆಯವರೆಗೆ ಸಾಹುಕಾರರು ಅದರ ಹತ್ತಿರವೇ ಕೂತಿದ್ದರು. ಫಕೀರವ್ವ ಅವರಿಗೆ ತನ್ನ ಮನೆಯಲ್ಲಿದ್ದ ಬಿರುಕಿಲ್ಲದ ಒಂದೇ ಕಪ್ಪಿನಲ್ಲಿ ಚಹಾ ಕೊಟ್ಟಳು. ಆ ಮರಿ ಅವರ ಮೊಟ್ಟೆಯದೋ ಆಕೆಯದೋ ಎಂದು ಇಬ್ಬರೂ ಕೇಳಲಿಲ್ಲ.

ಉಳಿದ ಹತ್ತನ್ನು ಅವರಿಬ್ಬರೂ ಸೇರಿ ಬೆಳೆಸಿದರು. ಸಾಹುಕಾರರು ಮಡಿಕೆಯಲ್ಲಿ ಹಸಿ ಸಗಣಿ, ಒಣಹುಲ್ಲು ತುಂಬಿ ನೆಲದ ಮೇಲೆ ಬೋರಲಿಟ್ಟು ಗೆದ್ದಲು ಹಿಡಿಯುವುದನ್ನು ಕಲಿತರು. ಬೆಳಿಗ್ಗೆ ಮಡಿಕೆ ಎತ್ತಿದರೆ ಮರಿಗಳಿಗೆ ಹಬ್ಬ. ನೆನೆಸಿದ ಜೋಳದ ನುಚ್ಚು, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು. ನೀರಿನ ತಟ್ಟೆಯಲ್ಲಿ ಮರಿ ಮುಳುಗದಂತೆ ನಾಲ್ಕು ಬೆಣಚುಕಲ್ಲು. ಪಶು ಆಸ್ಪತ್ರೆಗೆ ಒಯ್ದು ಕೊಕ್ಕರೆ ರೋಗದ ಲಸಿಕೆಯನ್ನೂ ಹಾಕಿಸಿದರು. ಬೇವು ಮಾಡುವ ಕೆಲಸ ಬೇವಿಗೆ, ಲಸಿಕೆ ಮಾಡುವ ಕೆಲಸ ಲಸಿಕೆಗೆ. ಎರಡು ತಿಂಗಳಿಗೆ ಐದೂ ಮನೆಗೆ ಎರಡೆರಡು ಹೋದವು. ಸಾಹುಕಾರರಿಗೂ ಎರಡೇ. ಕೊನೆಯ ಮನೆಯವರು ಹುಂಜದ ಮರಿಯೊಂದನ್ನು ಮೆಚ್ಚಿ, ಇದು ನಿಮ್ಮ ತತ್ತಿಯದೇನ್ರೀ ಎಂದು ಅವರನ್ನು ಕೇಳಿದರು.

“ಆ ಬೂದು ಹ್ಯಾಟೀದು,” ಎಂದರು ಸಾಹುಕಾರರು.

ಕಥೆ ಇಷ್ಟೇ. ನಿಮಗೆಲ್ಲ ನಗು ಬಂತು, ನಾನು ನೋಡಿದೆ. ಕೋಳಿಮರಿಗೆ ಉಗುರುಬಣ್ಣ ಹಚ್ಚುವವರು ಯಾರಾದರೂ ಇರುತ್ತಾರೆಯೇ? ಇರುತ್ತಾರೆ. ಇಲ್ಲೇ ಇದ್ದೇವೆ.

ನಾವು ಒಬ್ಬ ಹುಡುಗಿಯ ಕಾಲೇಜಿನ ಫೀಸು ಕಟ್ಟುತ್ತೇವೆ. ಒಳ್ಳೆಯದು. ಆಮೇಲೆ ಮದುವೆ ಮನೆಯಲ್ಲಿ ಅವಳು ಬಡಿಸುತ್ತಿರುವಾಗ, ಪಕ್ಕದವರಿಗೆ ಕೇಳುವಂತೆ, ಇವಳನ್ನು ಓದಿಸುತ್ತಿರುವುದು ನಾವೇ ಎನ್ನುತ್ತೇವೆ. ಮನೆಗೆಲಸದವಳಿಗೆ ಸೀರೆ ಕೊಡುತ್ತೇವೆ. ಅವಳು ಅದನ್ನುಟ್ಟು ಆರಾಧನೆಗೆ ಬಂದರೆ, ಆ ಸೀರೆ ನಂದೇ ಕಣ್ರೀ ಎನ್ನುತ್ತೇವೆ. ನಮಗದು ಒಂದು ಚುಕ್ಕೆ ಅಷ್ಟೇ, ಪ್ರೀತಿಯಿಂದ ಊದಿ ಒಣಗಿಸಿದ ಚುಕ್ಕೆ. ಆದರೆ ಆ ಹುಡುಗಿಗೆ ಒಂದು ಅಂಕ ಕಡಿಮೆ ಬಂದರೆ, ಇನ್ನೊಬ್ಬರ ದುಡ್ಡಿನಲ್ಲಿ ಓದುವವಳು ಎಂದು ಕುಟ್ಟುತ್ತಾರೆ. ಅವಳು ಹೊಸ ಚಪ್ಪಲಿ ಹಾಕಿದರೆ ಕುಟ್ಟುತ್ತಾರೆ, ನಕ್ಕರೆ ಕುಟ್ಟುತ್ತಾರೆ. ಕುಟ್ಟಿದವರು ಬೇರೆಯವರು, ನಿಜ. ಎಲ್ಲಿ ಕುಟ್ಟಬೇಕೆಂದು ತೋರಿಸಿದವರು ಯಾರು?

ಬರುವ ಶನಿವಾರ ನಮ್ಮ ಸ್ತ್ರೀಯರ ಸಂಘದಿಂದ ಹನ್ನೆರಡು ಮನೆಗಳಿಗೆ ಕೋಳಿಮರಿ ಕೊಡುತ್ತಿದ್ದೇವೆ. ಮರಿಗಳು ನಮ್ಮಲ್ಲೇ ಕೆಲವರ ಹಿತ್ತಲಿನಲ್ಲಿ ಚೆನ್ನಾಗಿ ಬೆಳೆದಿವೆ. ಬೆಳೆಸಿದವರಿಗೆಲ್ಲ ವಂದನೆ. ಸಭಾಂಗಣದಲ್ಲಿ ಬ್ಯಾನರು ಕಟ್ಟಿ, ಹನ್ನೆರಡು ಜನರ ಹೆಸರು ಕೂಗಿ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯೋಣ ಎಂದು ಕಳೆದ ವಾರ ನಾವೇ ಮಾತಾಡಿಕೊಂಡೆವು. ಆಗ ನಾನೂ ತಲೆಯಾಡಿಸಿದ್ದೆ. ಈಗ ಬೇಡ ಎನ್ನುತ್ತಿದ್ದೇನೆ. ಬ್ಯಾನರು ಬೇಡ, ಪಟ್ಟಿ ಓದುವುದು ಬೇಡ.

ಕೋಳಿಗಳನ್ನು ಹೊಸ ಮನೆಗೆ ಬಿಡುವುದಕ್ಕೆ ಒಳ್ಳೆಯ ಹೊತ್ತು ಯಾವುದು ಹೇಳಿ? ಸಾಕಿದವರಿಗೆ ಗೊತ್ತಿದೆ, ಮುಸ್ಸಂಜೆ. ಹಗಲಿನಲ್ಲಿ ಬಿಟ್ಟರೆ ಗಾಬರಿಯಾಗಿ ಓಡುತ್ತವೆ. ಮಬ್ಬುಗತ್ತಲಲ್ಲಿ ಗೂಡಿಗೆ ಬಿಟ್ಟರೆ ಸದ್ದಿಲ್ಲದೆ ಕೂರುತ್ತವೆ. ಹಾಗಾದರೆ ನಾವೂ ಮುಸ್ಸಂಜೆಗೇ ಹೋಗೋಣ. ಇಬ್ಬಿಬ್ಬರು, ಒಂದು ಮುಚ್ಚಿದ ಬುಟ್ಟಿ, ಹಿತ್ತಲ ಬಾಗಿಲು. ಯಾರು ಕೊಟ್ಟದ್ದು ಎಂದು ಕೇಳಿದರೆ, ನಮ್ಮಲ್ಲಿ ಮರಿ ಹೆಚ್ಚಾಗಿದ್ದವು ಎನ್ನಿ. ಅದು ಸುಳ್ಳೂ ಅಲ್ಲ. ಒಂದು ಲೋಟ ನೀರು ಕೊಟ್ಟರೆ ಕುಡಿದು, ಮಕ್ಕಳನ್ನು ಮಾತಾಡಿಸಿ, ಬಂದುಬಿಡಿ. ಮುಂದಿನ ವರ್ಷ ಆ ಮನೆಯ ಮುಂದೆ ಹಾದುಹೋಗುವಾಗ ಕೋಳಿಗಳು ಕಾಣಿಸಿದರೆ, ಆಹಾ, ನಿಮ್ಮ ಕೋಳಿ ಎಷ್ಟು ಚೆನ್ನಾಗಿವೆ ಎನ್ನಿ. ‘ನಿಮ್ಮ’ ಎಂದೇ ಅನ್ನಿ. ಆಮೇಲೆ ಮುಂದೆ ನಡೆಯಿರಿ.