ಬುರುಡೆಯ ಮೇಲಿನ ಮೃಗ

ಐವತ್ತಾರನೇ ಇಸವಿ. ರಾಜಾಜಿನಗರದ ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ವಿಭೂತಿ ಧರಿಸಿದ ತಂದೆಯೊಬ್ಬರು, ಮೆಡಿಕಲ್ ಓದುವ ಮಗನ ಜೊತೆ ನಿಂತಿದ್ದರು.

“ಮಂಚದ ಕೆಳಗಿದ್ದ ತಲೆಬುರುಡೆ ಎಲ್ಲಿ ಅಪ್ಪಾ?”

“ಮಣ್ಣು ಮಾಡ್ದೆ ಕಣೋ ಪಂಚಾಕ್ಷರಿ. ಯಾರ ಜೀವವೋ ಪಾಪ, ವಿಭೂತಿ ಹಚ್ಚಿ, ಶಾಸ್ತ್ರವಾಗೇ ಮಾಡ್ದೆ.”

“ಅಯ್ಯೋ! ಓದೋಕೆ ಅಂತ ಸೀನಿಯರ್ ಹತ್ರ ಇಸ್ಕೊಂಡಿದ್ದೆ. ನಾಳಿದ್ದು ಪರೀಕ್ಷೆ.”

“ಕಣತಲೆ ಗುಳೀಲಿ ಯಾವ್ದೋ ಮೃಗದ ಚಿತ್ರ ಇತ್ತಲ್ಲೋ. ಯಾರೋ ಮಾಟ ಮಾಡಿಸಿದಾರೆ ಅಂದ್ಕೊಂಡೆ.”

“ನಾನೇ ಬರ್ದಿದ್ದು. ಆ ಗುಳಿಗೆ ಫಾಸಾ ಅಂತಾರೆ. ಮಡಗಾಸ್ಕರ್ ಕಾಡಲ್ಲಿ ಬೇಟೆ ಆಡೋ ಒಂದು ಪ್ರಾಣಿಗೂ ಅದೇ ಹೆಸರು. ನಂಗೆ ಮೂಳೆ ಹೆಸರು ಮರ್ತುಹೋಗುತ್ತೆ, ಪ್ರಾಣಿ ಹೆಸರು ಮರೆಯಲ್ಲ. ಅದಕ್ಕೇ ಬರ್ದೆ.”

ತಂದೆ ಹಣೆಯ ವಿಭೂತಿ ಮುಟ್ಟಿಕೊಂಡರು.

“ಅಗೆದು ತರ್ಲಾ ಅಪ್ಪಾ?”

“ಮಣ್ಣು ಕೊಟ್ಟಿದ್ದನ್ನ ಅಗೀಬಾರ್ದು ಕಣೋ.”

“ಚಿತ್ರ ಅಳಿಸಿಬಿಟ್ರಾ?”

“ಅಳಿಸೋಣ ಅಂತಲೇ ಒದ್ದೆ ಬಟ್ಟೆ ತಂದೆ. ಮನಸ್ಸು ಬರ್ಲಿಲ್ಲ. ಆ ಬಾಲ ಎಷ್ಟು ಚೆನ್ನಾಗಿತ್ತು!”

ಬಸ್ಸು ಬಂತು. ಮಗ ಹತ್ತಿದ. ತಂದೆ ಕಂಬಿ ಹಿಡಿದು ಅವನ ಬೆನ್ನಿಗೆ ಹೇಳಿದರು:

“ಪ್ರಾಣಿಶಾಸ್ತ್ರ ಓದ್ತೀನಿ ಅಂತ ಅವತ್ತು ಅತ್ತಿದ್ದೆಯಲ್ಲೋ ಮಗಾ. ನಾನು ನಿನ್ನ ಮಾತು ಕೇಳ್ಬೇಕಿತ್ತು.”